ಮೂರಿಂಚಿನ ಕಮಾನ್ ಪಟ್ಟಿ ಚಾಕು: ನನ್ನ ಅನುಭವ

ಲಾರಿಯ ಕಮಾನ್ ಪಟ್ಟಿಯಲ್ಲಿ (ಭಾರ ತಾಳುವ ಸ್ಪ್ರಿಂಗ್ ಪಟ್ಟಿ) ಮಾಡಿಸಿದ ನನ್ನ ಮೂರಿಂಚಿನ ಚಾಕು ನೋಡಿ ‘ಇಷ್ಟು ಸಣ್ಣ ಚಾಕು ಇಟ್ಕೊಂಡು ರಾತ್ರಿ ಹೊಲಕ್ಕೆ ಹೋಗ್ತೀಯಾ?’ ಅಂತ ನಗುತ್ತಿದ್ದವರಲ್ಲಿ ಇಬ್ಬರು ಈಗ ಅದೇ ಅಳತೆ ಕೇಳಿಕೊಂಡು ಬಂದಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಗಂಗಾವತಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಪಕ್ಕಕ್ಕೆ ಒಂದಿಷ್ಟು ಬಾಳೆ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಹೋಗಬೇಕು. ಚಾಕುವಿಗೆ ಏನು ಕೆಲಸ ಅಂತ ನಿಮಗೆ ಗೊತ್ತೇ ಇದೆ: ಗೊಬ್ಬರದ ಚೀಲ, ಡ್ರಿಪ್ ಪೈಪು, ಹಗ್ಗ, ವೈರು. ಆಗ ಮೋಟಾರಿನ ಕೇಬಲ್ ಕದಿಯುವವರ ಕಾಟ ಬೇರೆ. ಯಾರಾದರೂ ಅಡ್ಡ ಬಂದರೆ ಕೈಯಲ್ಲಿ ಏನಾದರೂ ಇರಲಿ ಅನ್ನುವ ಲೆಕ್ಕವೂ ಇತ್ತು.

ಮೊದಲು ಮಡಚುವ ಚಾಕು. ಆನ್‌ಲೈನಿನಲ್ಲಿ ಸಾವಿರದ ಮೇಲೆ ಚಿಲ್ಲರೆ ಕೊಟ್ಟೆ. ಒಳಗೆ ಪಟ್ಟಿ ಸರಿದು ಲಾಕ್ ಆಗುವ ಬಗೆ. ಗದ್ದೆಯ ಕೆಸರು ಆ ಪಟ್ಟಿಯ ಸಂದಿಗೆ ಹೋಗಿ ಕೂತಿತು. ಲಾಕ್ ಅರ್ಧ ಕೂತಿದ್ದು ಕತ್ತಲಲ್ಲಿ ಕಾಣಲಿಲ್ಲ. ಪೈಪಿನ ಮೇಲೆ ಒತ್ತಿದೆ, ಅಲಗು ಮಡಚಿಕೊಂಡು ತೋರುಬೆರಳಿಗೇ ಬಂತು. ನಾಲ್ಕು ಹೊಲಿಗೆ. ಆಮೇಲೆ ಮರದ ಹಿಡಿಯ ವಿದೇಶಿ ಚಾಕು ತಂದೆ, ಎರಡು ಸಾವಿರದ ಹತ್ತಿರ. ನೋಡಲು ಚೆಂದ, ಕೊಯ್ಯುವುದೂ ಚೆಂದ. ಆದರೆ ಅದು 2024ರ ಮಳೆಗಾಲ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದೇ ಆಗಸ್ಟ್. ಹಿಡಿ ನೀರು ಕುಡಿದು ಉಬ್ಬಿತು. ಅಲಗು ಹೊರಗೇ ಬರಲಿಲ್ಲ, ಹಲ್ಲಿನಿಂದ ಎಳೆಯುವುದೊಂದು ಬಾಕಿ. ಅಲ್ಲಿಗೆ ಮಡಚುವ ಚಾಕುವಿನ ಸಹವಾಸ ಸಾಕಾಯಿತು.

ಮೂರನೆಯದು ಎಂಟಿಂಚಿನ ‘ಕಮಾಂಡೋ’. ಗೆಳೆಯರ ಒತ್ತಾಯ. ಸೊಂಟಕ್ಕೆ ಕಟ್ಟಿದರೆ ಬೈಕ್ ಮೇಲೆ ಕೂರಲು ಆಗುವುದಿಲ್ಲ. ಚಹಾ ಅಂಗಡಿಯಲ್ಲಿ ಜನ ಮುಖ ನೋಡುತ್ತಾರೆ. ಹತ್ತೇ ದಿನಕ್ಕೆ ಅದು ಅಟ್ಟ ಸೇರಿತು. ಜೊತೆಗೇ ಇಲ್ಲದ ಚಾಕು ಇದ್ದರೆಷ್ಟು ಬಿಟ್ಟರೆಷ್ಟು? ಕಾನೂನೂ ಇದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮ ಆಯುಧ ಅಂತಲೇ ಎಣಿಸುತ್ತದೆ. ಮನೆಗೆಲಸ, ಒಕ್ಕಲುತನ, ವಿಜ್ಞಾನ, ಕೈಗಾರಿಕೆಯ ಸಾಮಾನಿಗೆ ಮಾತ್ರ ರಿಯಾಯಿತಿ. ಅಳತೆ ಸಣ್ಣದಿದ್ದರೂ ನಿಷೇಧಾಜ್ಞೆ ಇದ್ದಾಗ ನಡೆಯುವುದಿಲ್ಲ. ಹುಲಿಗೆಮ್ಮನ ಹುಲಿಗಿಗೆ, ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವಾಗ ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಆತ್ಮರಕ್ಷಣೆಯ ಮಾತು. ‘ಮೂರಿಂಚಿನಿಂದ ಏನಾಗುತ್ತೆ?’ ಅಂತ ವಾದ ಮಾಡುತ್ತಿದ್ದ ಅಳಿಯನನ್ನು ಕಣಕ್ಕೆ ಕರೆದೆ. ರಟ್ಟಿನಲ್ಲಿ ಎರಡು ಚಾಕು ಕತ್ತರಿಸಿದೆ, ಒಂದು ಮೂರಿಂಚು, ಒಂದು ಎಂಟಿಂಚು. ಅಂಚಿಗೆ ಕುಂಕುಮದ ನೀರು. ಇಬ್ಬರಿಗೂ ಬಿಳಿ ಬನಿಯನ್. ಎಷ್ಟು ಸಲ ಆಡಿದರೂ ಇಬ್ಬರ ಮೈಯೂ ಕೆಂಪು. ಉದ್ದದ್ದು ಹಿಡಿದವನೂ ಕೆಂಪೇ. ಕೊನೆಗೆ ನಾನು ನಾಲ್ಕೂವರೆ ಅಡಿ ಬಿದಿರು ಕೋಲು ಹಿಡಿದು ನಿಂತೆ, ಅಳಿಯ ಹತ್ತಿರವೇ ಬರಲಿಲ್ಲ. ‘ಮಾವ, ನೀವು ಮೋಸ ಮಾಡ್ತೀರಿ’ ಅಂದ. ನನಗೆ ಬೇಕಾಗಿದ್ದೂ ಅದೇ.

ಅವತ್ತೇ ಕೆಲಸ ಹಂಚಿಬಿಟ್ಟೆ. ಹೊಡೆದಾಟದ ಲೆಕ್ಕ ಕೋಲಿಗೆ ಮತ್ತು ಟಾರ್ಚಿಗೆ, ಕೊಯ್ಯುವ ಲೆಕ್ಕ ಚಾಕುವಿಗೆ. ಕೇಬಲ್ ಕಳ್ಳರು ಬಂದ ರಾತ್ರಿ ದೂರದಿಂದಲೇ ಟಾರ್ಚ್ ಬಿಟ್ಟು ಪಕ್ಕದ ಹೊಲದವರ ಹೆಸರು ಹಿಡಿದು ಕೂಗಿದೆ. ಅರ್ಧ ಕತ್ತರಿಸಿದ ಕೇಬಲ್ ಬಿಟ್ಟು ಓಡಿದರು. ಕಾನೂನಿನಲ್ಲೂ ಹಾಗೇ ಇದೆ. ಜೀವ, ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಉಂಟು, ಆದರೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಮೊದಲು ಐಪಿಸಿಯಲ್ಲಿದ್ದ ಮಾತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. ಇನ್ನು ಆನೆಗೊಂದಿ ಬೆಟ್ಟದ ಕಡೆಯವರು ಕರಡಿಯ ಮಾತೆತ್ತುತ್ತಾರೆ. ಕರಡಿಗೆ ಚಾಕು ತೋರಿಸುವ ಮಾತು ಬಿಡಿ. ಅದು ಮೈಮೇಲೆ ಬೀಳುವುದು ಬಹುತೇಕ ಹತ್ತಿರದಲ್ಲಿ ಬೆಚ್ಚಿಬಿದ್ದಾಗ. ಕೋಲು ಕುಟ್ಟುತ್ತಾ, ಮಾತಾಡುತ್ತಾ ಹೋಗಬೇಕು, ಅಷ್ಟೇ.

ಈಗ ಚಾಕು ಮಾಡಿಸಿದ್ದು. ಬಳ್ಳಾರಿ ರಸ್ತೆಯ ಗುಜರಿಯಲ್ಲಿ ಅದಿರು ಲಾರಿಯ ಕಮಾನ್ ಪಟ್ಟಿ ಬೇಕಾದಷ್ಟು ಸಿಗುತ್ತದೆ, ನಾನು ತಂದಾಗ ಕೆಜಿಗೆ ಐವತ್ತೋ ಅರವತ್ತೋ ಇತ್ತು. ಮುರಿದ ಪಟ್ಟಿ ಮಾತ್ರ ತರಬೇಡಿ. ಒಳಗೆ ಕಣ್ಣಿಗೆ ಕಾಣದ ಬಿರುಕು ಇರುತ್ತವೆ. ನಮ್ಮ ಮೊದಲ ಅಲಗು ಸುತ್ತಿಗೆ ಏಟಿಗೇ ಉದ್ದಕ್ಕೆ ಸೀಳಿತು. ಊರಿನ ಕಮ್ಮಾರ ಕಾಕಾ, ‘ಏನಪಾ ತಮ್ಮ, ಹಣ್ಣು ಹೆಚ್ಚೋ ಚಾಕುಗೆ ಇಷ್ಟು ಕಸರತ್ತ್ಯಾಕ?’ ಅಂದರು. ಎರಡನೆಯದನ್ನು ಕುಡುಗೋಲಿನ ಹಾಗೆ ಕೆಂಪಗೆ ಕಾಸಿ ನೀರಿಗೆ ಅದ್ದಿದರು. ಟಿಣ್ ಅಂದಿತು. ಅಲಗಿನ ಬಾಯಿಂದ ಬೆನ್ನಿನ ತನಕ ಕೂದಲೆಳೆಯ ಬಿರುಕು. ಮೂರನೆಯದಕ್ಕೆ ಹಳೆ ಇಂಜಿನ್ ಆಯಿಲ್. ಬೀದಿ ತುಂಬ ಕರಿ ಹೊಗೆ. ಕಾಕಾನ ಹೆಂಡತಿ ಕಾಕು ಹೊರಗೆ ಬಂದು ಇಬ್ಬರಿಗೂ ಬೈದರು.

ಕೊನೆಗೆ ಕೈಗೆ ಹತ್ತಿದ್ದು ಶೇಂಗಾ ಎಣ್ಣೆ, ಬೆರಳು ತಾಳುವಷ್ಟು ಬೆಚ್ಚಗೆ ಮಾಡಿಕೊಂಡು. ಹಳೆ ಸ್ಪೀಕರಿನ ಅಯಸ್ಕಾಂತ ಕಾದ ಅಲಗಿಗೆ ಅಂಟದೆ ಬಿಟ್ಟಿತು ಅಂದಮೇಲೆ ಇನ್ನೊಂದು ಚೂರು ಕಾಸಿ, ತುದಿ ಕೆಳಗೆ ಮಾಡಿ ನೆಟ್ಟಗೆ ಎಣ್ಣೆಗೆ ಇಳಿಸಬೇಕು. ಅಲಗು ಗಟ್ಟಿಯಾಗಿದ್ದರೆ ಅರ ತಿಕ್ಕಿದಾಗ ಕಚ್ಚದೆ ಜಾರಬೇಕು. ಜಾರಿತು. ಆದರೆ ಹಾಗೇ ಬಿಟ್ಟರೆ ಗಾಜು. ಒಂದು ಕೈಜಾರಿ ಬಂಡೆ ಮೇಲೆ ಬಿದ್ದು ತುದಿ ಹಾರಿತು. ಆ ಪೆಡಸು ತಗ್ಗಿಸುವ ಹದಕ್ಕೆ ಇನ್ನೂರು ಡಿಗ್ರಿ ಒಂದೇ ಸಮ ಇರುವ ಭಟ್ಟಿ ಬೇಕು. ಎಲ್ಲಿದೆ? ಬೇಕರಿಯಲ್ಲಿ! ಪರಿಚಯದ ಬೇಕರಿಯವರು ಬನ್ನಿನ ಟ್ರೇ ಪಕ್ಕ ಇಡಲು ಒಪ್ಪಿದರು. ಎರಡೆರಡು ತಾಸಿನಂತೆ ಎರಡು ಸಲ. ಹೊರಗೆ ತೆಗೆದಾಗ ತಿಕ್ಕಿ ಬೆಳ್ಳಗೆ ಮಾಡಿದ್ದ ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಕಾಕಾ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲ ಅಂದರೆ ಪಾಸು.

ಅಲಗು ಮೂರಿಂಚಿನ ಮೇಲೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ), ಬೆನ್ನಿನ ದಪ್ಪ ಮೂರು ಮಿಲಿಮೀಟರ್ ಸುಮಾರು. ಹಿಡಿ ಮಾತ್ರ ನಾಲ್ಕೂ ಬೆರಳು ಪೂರ್ತಿ ಕೂರುವಷ್ಟು ಉದ್ದ, ಜಾಲಿ ಮರದ್ದು. ಅಲಗು ಸಣ್ಣದಿರಲಿ, ಹಿಡಿ ಸಣ್ಣದಾದರೆ ಒದ್ದೆ ಕೈಯಲ್ಲಿ ಜಾರುತ್ತದೆ. ತೊಗಲಿನ ಒರೆಯಲ್ಲಿ ಇಟ್ಟರೆ ಬೆವರು ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು. ಅದಕ್ಕೆ ಹಳೆ ಪಿವಿಸಿ ಪೈಪು ಸೀಳಿ, ಬಿಸಿ ಮಾಡಿ, ಮೆತ್ತಗಾದಾಗ ಅಲಗಿನ ಸುತ್ತ ಎರಡು ಹಲಗೆಯ ನಡುವೆ ಒತ್ತಿದೆ. ಸುಡಬಾರದು, ಆ ಹೊಗೆ ಕೆಟ್ಟದ್ದು. ತಲೆಕೆಳಗೆ ಮಾಡಿ ಅಲ್ಲಾಡಿಸಿದರೂ ಬೀಳುವುದಿಲ್ಲ, ಒಳಗೆ ಹೋಗುವಾಗ ಟಕ್ ಅನ್ನುತ್ತದೆ. ಆ ಟಕ್ ಬರಲು ಎಲ್ಲಿ ಒತ್ತಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ತುಕ್ಕು ಹಿಡಿಯದಿರಲಿ ಅಂತ ಅಲಗಿಗೆ ಹುಣಸೆ ಹುಳಿ, ಚಹಾ ಡಿಕಾಕ್ಷನ್ ಕಲಸಿ ಹಚ್ಚಿ ಕಪ್ಪು ಮಾಡಿದ್ದೇನೆ. ಮಾವಿನಕಾಯಿ ಕೊಯ್ದರೆ ಹೇಗೂ ಕಪ್ಪಾಗುತ್ತದೆ. ಹುಳಿಯ ಜೊತೆ ಇನ್ನೊಂದು ಸಾಮಾನು ಬೀಳುತ್ತದೆ, ಅದನ್ನೂ ಹೇಳುವುದಿಲ್ಲ.

ಖರ್ಚು? ಕೊಂಡ ಚಾಕುಗಳು, ಹೊಲಿಗೆ ಹಾಕಿಸಿದ್ದು, ಕೆಟ್ಟ ಅಲಗುಗಳು ಎಲ್ಲ ಸೇರಿ ಎಂಟು ಸಾವಿರ ದಾಟಿರಬೇಕು. ಈ ಚಾಕುವಿಗೆ ಬಿದ್ದದ್ದು ಏಳುನೂರರ ಒಳಗೆ. ಬೇಕರಿಯವರು ದುಡ್ಡು ತಗೊಳ್ಳಲಿಲ್ಲ, ಒಂದು ಕೆಜಿ ಬೆಣ್ಣೆ ಬಿಸ್ಕತ್ತು ಕೊಳ್ಳಲೇಬೇಕಾಯಿತು. ಎರಡು ಸುಗ್ಗಿ ಆಯಿತು, ವಾರಕ್ಕೊಮ್ಮೆ ಸಾಣೆಕಲ್ಲಿಗೆ ನಾಲ್ಕು ಸಲ ಎಳೆದರೆ ಸಾಕು.

ನಡುವೆ ವರ್ಕ್‌ಶಾಪಿನ ಪವರ್ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಮೆಷಿನ್ ಗರಗಸ) ಬ್ಲೇಡಿನಲ್ಲೂ ಒಂದು ಮಾಡಿದೆ. ಕುಲುಮೆಗೇ ಹಾಕದೆ, ನೀರು ಹನಿಸುತ್ತಾ ಬರೀ ಗ್ರೈಂಡರಿನಲ್ಲಿ. ಬಾಯಿ ಹೋಗುವುದೇ ಇಲ್ಲ. ಆದರೆ ಚೂರು ಅಡ್ಡ ಒತ್ತಿದ್ದಕ್ಕೆ ಪಟ್ಟನೆ ಎರಡು ತುಂಡಾಯಿತು. ಈಗ ಟ್ರ್ಯಾಕ್ಟರಿನ ಹಳೆ ಬೇರಿಂಗ್ ರಿಂಗು ಸೀಳಿ ಇಟ್ಟಿದ್ದೇನೆ. ಕಾಕಾ ಮಾತ್ರ ಭತ್ತದ ಕೊಯ್ಲು ಮುಗಿಯುವ ತನಕ ಕುಲುಮೆ ಕಡೆ ತಲೆ ಹಾಕಬೇಡ ಅಂದಿದ್ದಾರೆ.