ಬ್ರೇಕ್ ಬದಲಿಸಬೇಕೇ? ದರ ಕೇಳುವ ಮೊದಲು ಕೆಲಸ ತಿಳಿದುಕೊಳ್ಳಿ

ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್, ಕದ್ರಿ. ಉಡುಪಿಯಲ್ಲಿ ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆ. ನಮ್ಮ ಕಡೆ ಕಾರಿನ ಬ್ರೇಕಿಗೆ ಬಿಡುವೆಂಬುದೇ ಇಲ್ಲ. ಸಾಲದ್ದಕ್ಕೆ ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ. ಬ್ರೇಕ್ ಬದಲಿಸುವ ದಿನ ಬಂದಾಗ ಹೆಚ್ಚಿನವರು ಮೊದಲು ಕೇಳುವುದು, "ಎಲ್ಲಿ ಕಡಿಮೆಗೆ ಆಗುತ್ತದೆ?" ಎಂದು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಏನೆಂದು ತಿಳಿದುಕೊಳ್ಳಿ ಎನ್ನುವುದು ನನ್ನ ಒತ್ತಾಯ. ಅದು ಗೊತ್ತಿಲ್ಲದೆ ವಿಚಾರಿಸಿದರೆ ಒಬ್ಬರು ಪ್ಯಾಡ್‌ಗೆ ಮಾತ್ರ ದರ ಹೇಳುತ್ತಾರೆ, ಇನ್ನೊಬ್ಬರು ಡಿಸ್ಕನ್ನೂ ಸೇರಿಸಿ ಹೇಳುತ್ತಾರೆ. (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್; ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದು ಪ್ಯಾಡ್.) ಯಾವುದು ಅಗ್ಗ ಎಂದು ತೀರ್ಮಾನಿಸುವುದು ಹೇಗೆ?

ಲಕ್ಷಣ ಗಮನಿಸಿ

ಬ್ರೇಕ್ ಒತ್ತಿದಾಗಲೆಲ್ಲ ಕೀಚಲು ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಪ್ಯಾಡ್ ಮುಗಿಯುತ್ತ ಬಂದಿದೆ ಎಂದರ್ಥ. ಕರಕರ ಎಂದು ಲೋಹ ಉಜ್ಜುವ ಸದ್ದಾದರೆ ಪ್ಯಾಡ್ ಪೂರ್ತಿ ಸವೆದು ಡಿಸ್ಕ್ ಹಾಳಾಗುತ್ತಿದೆ. ತಡಮಾಡಿದಷ್ಟೂ ಖರ್ಚು ಹೆಚ್ಚು. ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದರೆ ಅನುಮಾನ ಡಿಸ್ಕಿನ ಮೇಲೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಿದ್ದರೆ ಅಥವಾ ಕೆಂಪು ಬ್ರೇಕ್ ದೀಪ ಆರದೆ ಉಳಿದರೆ ಕಾರನ್ನು ಓಡಿಸಬೇಡಿ, ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ.

ಮಳೆಗಾಲದಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಡಿಸ್ಕ್ ಬೆಳಿಗ್ಗೆ ಕೆಂಪಗೆ ತುಕ್ಕು ಹಿಡಿದಂತೆ ಕಾಣುವುದು ಕರಾವಳಿಯಲ್ಲಿ ಸಾಮಾನ್ಯ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಹೋಗುತ್ತದೆ. ಇದನ್ನೇ ತೋರಿಸಿ ಡಿಸ್ಕ್ ಬದಲಿಸಿ ಎಂದರೆ ಒಪ್ಪಬೇಡಿ.

ಚಕ್ರ ಬಿಚ್ಚಿಸಿ, ಕಣ್ಣಾರೆ ನೋಡಿ

ಈ ಹಂತಕ್ಕೆ ಅರ್ಧ ದಿನ ಹೋದರೂ ಬೇಸರಿಸಬೇಡಿ. ನಂಬಿಕೆಯ ಗ್ಯಾರೇಜಿನಲ್ಲಿ ತಪಾಸಣೆ ಮಾತ್ರ ಮಾಡಿಸಿ, ಅದರ ಕೂಲಿ ಕೊಟ್ಟುಬಿಡಿ. ಸಣ್ಣ ಕಾರುಗಳಲ್ಲಿ ಬಹುತೇಕ ಮುಂದಿನ ಚಕ್ರಗಳಿಗೆ ಡಿಸ್ಕ್ ಮತ್ತು ಪ್ಯಾಡ್, ಹಿಂದಿನವಕ್ಕೆ ಡ್ರಮ್ ಮತ್ತು ಅದರೊಳಗೆ ಉಜ್ಜುವ ಶೂ ಇರುತ್ತವೆ. ಮುಂದಿನವು ಬೇಗ ಸವೆಯುತ್ತವೆ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರ್‌ಗೆ ಬಂದರೆ ಬದಲಿಸಬೇಕು.

ಒಂದೇ ಚಕ್ರದಿಂದ ಬಿಚ್ಚಿದ ಎರಡು ಪ್ಯಾಡುಗಳನ್ನು ಪಕ್ಕಪಕ್ಕ ಇಡಲು ಹೇಳಿ. ಹೊರಗಿನದು ಅರ್ಧ ಉಳಿದಿದ್ದು, ಒಳಗಿನದು ಕಬ್ಬಿಣದ ತಗಡಿನವರೆಗೂ ಸವೆದಿದ್ದರೆ ತೊಂದರೆ ಇರುವುದು ಪ್ಯಾಡಿನಲ್ಲಿ ಅಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗವಾದ ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಪಿನ್ನುಗಳು ತುಕ್ಕು ಹಿಡಿದು ಜಾಮ್ ಆಗಿರಬಹುದು, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿಯದೆ ಸಿಕ್ಕಿಕೊಂಡಿರಬಹುದು. ನಮ್ಮ ಉಪ್ಪುಗಾಳಿಯಲ್ಲಿ ಇದನ್ನು ಮರೆಯುವಂತಿಲ್ಲ. ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ, ಪಿನ್ನಿನ ರಬ್ಬರ್ ಕವಚ (ಬೂಟ್) ಹರಿದಿದ್ದರೆ ಬದಲಿಸಿ ಕೂರಿಸುವ ಕೆಲಸಕ್ಕೆ ಸಾಮಾನಿನ ಖರ್ಚು ಹೆಚ್ಚಿಲ್ಲ. ಅದನ್ನು ಬಿಟ್ಟು ಪ್ಯಾಡ್ ಮಾತ್ರ ಹಾಕಿದರೆ ಹೊಸದೂ ಹಾಗೆಯೇ ಸವೆಯುತ್ತದೆ. ಅಗ್ಗಕ್ಕೆ ಮಾಡಿಸಿದ ಕೆಲಸ ದುಬಾರಿಯಾಗುವುದು ಹೆಚ್ಚಾಗಿ ಇಲ್ಲಿಯೇ.

ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಕನಿಷ್ಠ ಅಳತೆ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಬದಲಿಸಲೇಬೇಕು ಎಂದು ಮೆಕ್ಯಾನಿಕ್ ಹೇಳಿದರೆ ಅಳೆದು ತೋರಿಸಲು ಕೇಳಿ. ದಪ್ಪ ಸಾಕಷ್ಟಿದ್ದು ಮೇಲ್ಮೈ ಮಾತ್ರ ಏರುಪೇರಾಗಿದ್ದರೆ ಲೇತ್ ಯಂತ್ರದಲ್ಲಿ ಹೆರೆಸಬಹುದೇ ಎಂದು ವಿಚಾರಿಸಿ.

ಶೋರೂಮೋ, ಗ್ಯಾರೇಜೋ?

ಕಾರಿಗೆ ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಪ್ಯಾಡ್ ಸವೆಯುವ ಸಾಮಾನಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗದು. ಆದರೂ ಮುಂದೆ ಬೇರೆ ದೋಷ ಬಂದಾಗ ಮಾತಿಗೆ ಮಾತು ಬೆಳೆಯುವುದು ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯ ಬದಲು ಗುಂಡಿ ಇರುವ ಕಾರಿನಲ್ಲಿ ಹಿಂದಿನ ಪ್ಯಾಡ್ ಬದಲಿಸಲು ಹೆಚ್ಚಾಗಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಅದು ಇದೆಯೇ ಎಂದು ಮೊದಲೇ ಕೇಳಿ; ಇಲ್ಲದ ಕಡೆ ಪಿಸ್ಟನ್ನನ್ನು ಬಲವಂತದಿಂದ ತಳ್ಳಿದರೆ ಹ್ಯಾಂಡ್‌ಬ್ರೇಕಿನ ಮೋಟಾರ್ ಕೆಡಬಹುದು. ಉಳಿದಂತೆ ವಾರಂಟಿ ಮುಗಿದ ಸಾಮಾನ್ಯ ಕಾರಿಗೆ, ನಿಮ್ಮ ಮಾದರಿಯ ಕಾರುಗಳನ್ನು ದಿನವೂ ಮುಟ್ಟುವ ಊರಿನ ಗ್ಯಾರೇಜ್ ಧಾರಾಳ ಸಾಕು. ಬೈಕಂಪಾಡಿ, ಯೆಯ್ಯಾಡಿಯಂಥ ಕೈಗಾರಿಕಾ ಪ್ರದೇಶಗಳ ಕಡೆಯೂ ಒಮ್ಮೆ ವಿಚಾರಿಸಿ.

ಮೂರು ಕಡೆ ಒಂದೇ ಪ್ರಶ್ನೆ

ಫೋನಿನಲ್ಲೇ ಆಗುತ್ತದೆ. ಕಾರಿನ ಮಾದರಿ, ವರ್ಷ, ಪೆಟ್ರೋಲೋ ಡೀಸೆಲೋ ತಿಳಿಸಿ. "ಮುಂದಿನ ಎರಡೂ ಚಕ್ರಗಳ ಪ್ಯಾಡ್ ಯಾವ ಕಂಪನಿಯದು, ಅದರ ಬೆಲೆ ಎಷ್ಟು, ಲೇಬರ್ ಎಷ್ಟು, ಪಿನ್ ಸ್ವಚ್ಛಗೊಳಿಸುವುದು ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ?" ಎಂದು ಎಲ್ಲರನ್ನೂ ಒಂದೇ ರೀತಿ ಕೇಳಿ. ಸಾಮಾನು ಮತ್ತು ಲೇಬರ್ ಬೇರೆ ಬೇರೆ ಹೇಳದವರನ್ನು ಪಟ್ಟಿಯಿಂದ ಬಿಡಿ.

ಪ್ಯಾಡಿನ ಪೆಟ್ಟಿಗೆಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಅದು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಲೇಬರ್ ಮೇಲೆ ತೆರಿಗೆ ಹಾಕಿದರೆ ಬಿಲ್ಲಿನಲ್ಲಿ ಗ್ಯಾರೇಜಿನ ಜಿಎಸ್‌ಟಿ ಸಂಖ್ಯೆ ಇರಬೇಕು. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಅಂಗಡಿಯಿಂದ ಪ್ಯಾಡ್ ನೀವೇ ತಂದರೆ ಒಂದಿಷ್ಟು ಉಳಿಯುತ್ತದೆ, ನಿಜ. ಆದರೆ ಸದ್ದು ಬಂದರೆ ಹೊಣೆ ಯಾರದ್ದು? ಮೆಕ್ಯಾನಿಕ್ ಹಿಂಜರಿಯುವುದು ಸಹಜ. ಸಾಮಾನನ್ನು ಅವರೇ ತರಲಿ, ಪೆಟ್ಟಿಗೆ ನಿಮ್ಮೆದುರು ಒಡೆಯಲಿ. ಹೆಸರೇ ಕೇಳದ ಕಂಪನಿಯ ಅಗ್ಗದ ಪ್ಯಾಡ್ ಮಾತ್ರ ಬೇಡವೇ ಬೇಡ.

ಕೆಲಸ ಮುಗಿಸಿಕೊಳ್ಳುವಾಗ

ಪ್ಯಾಡನ್ನು ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು, ಒಂದಕ್ಕೆ ಮಾತ್ರ ಹಾಕಿದರೆ ಕಾರು ಒಂದು ಬದಿಗೆ ಎಳೆಯಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗಿನ ಬಿಸಿಗೆ ಕುದಿದರೆ ಪೆಡಲ್ ಪಾತಾಳಕ್ಕೆ ಇಳಿಯುತ್ತದೆ. ಎರಡು ವರ್ಷ ದಾಟಿದ್ದರೆ ಇದೇ ಸಲ ಬದಲಿಸಿ. ಆಯಿಲ್ ಯಾವ ದರ್ಜೆಯದು, ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ.

ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಬಳಿಕ ಮೆಕ್ಯಾನಿಕ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ಹಳೆಯ ಪ್ಯಾಡುಗಳನ್ನು ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಕಿಲೋಮೀಟರ್ ಬರೆಸಿಕೊಳ್ಳಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು. ಅಷ್ಟು ದಿನ ಅನಿವಾರ್ಯವಲ್ಲದೆ ಗಕ್ಕನೆ ಬ್ರೇಕ್ ಹಾಕಬೇಡಿ. ಚಾರ್ಮಾಡಿ, ಆಗುಂಬೆ, ಶಿರಾಡಿಯ ಪ್ರಯಾಣವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.