ಬ್ಯಾಲೆನ್ಸ್ ಗಾಡಿ ಜೋರಾಗಿ ಓಡಿಸಿದ್ದೀರಾ? ಇಳಿದ ತಕ್ಷಣ ಮತ್ತೆ ಹತ್ತಬೇಡಿ

ಹೋದ ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿ ನವನಗರದ ಹತ್ತಿರ, ಇನ್ನೂ ಮನೆಗಳು ಏಳದ ಒಂದು ಲೇಔಟಿನಲ್ಲಿ, ನಮ್ಮ ಕಾಕಾನ ಮಗ ಸೆಕೆಂಡ್ ಹ್ಯಾಂಡ್ ಬ್ಯಾಲೆನ್ಸ್ ಗಾಡಿ ಓಡಿಸುತ್ತಿದ್ದ. ಎರಡು ಚಕ್ರ, ನಡುವೆ ನಿಲ್ಲೋ ಹಲಗೆ, ಮುಂದೆ ಹಿಡಿಕೆ. ರಸ್ತೆ ಖಾಲಿ ಇತ್ತು, ಹುಡುಗ ಪೂರ್ತಿ ಮುಂದಕ್ಕೆ ಬಾಗಿದ. ವೇಗದ ಮಿತಿ ಮುಟ್ಟಿದ್ದೇ ತಡ, ಗಾಡಿ ತಾನಾಗಿ ಹಿಂದಕ್ಕೆ ವಾಲಿ ನಿಧಾನ ಆಯಿತು. ಅವನು ಹೆದರಿ ಇಳಿದ, ಆದರೆ ಹಿಡಿಕೆ ಬಿಡಲಿಲ್ಲ, ಮರುಕ್ಷಣವೇ ಮತ್ತೆ ಹತ್ತಿದ. ಚಕ್ರ ರಪ್ಪನೆ ಹಿಂದಕ್ಕೆ ತಿರುಗಿತು. ಹಿಡಿಕೆಯ ಕಂಬ ಮೊಣಕಾಲಿಗೆ ಬಡಿದು ಹುಡುಗ ಅಲ್ಲೇ ಕೂತುಬಿಟ್ಟ. "ಅಣ್ಣಾ, ನಾ ಏನೂ ಮಾಡಿಲ್ಲ, ಅದ ಹಿಂದಕ್ಕ ಬಂತು" ಅಂದ.

ಅವನು ಹೇಳಿದ್ದು ನಿಜ. ಹೀಗೆ ಆಗುವುದು ಹೊಸದೇನಲ್ಲ. 2006ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಸೆಗ್ವೇ ಅನ್ನೋ ಕಂಪನಿಯ ಇಂಥದ್ದೇ ಸುಮಾರು 23,500 ಬ್ಯಾಲೆನ್ಸ್ ಗಾಡಿಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ಬದಲಿಸಿದ್ದು ಇಂಥದ್ದೇ ಕಾರಣಕ್ಕೆ. ವೇಗ ಮಿತಿ ಮುಟ್ಟಿ ಗಾಡಿ ಹಿಂದಕ್ಕೆ ವಾಲಿದಾಗ ಸವಾರ ಇಳಿದು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹತ್ತಿದರೆ ಚಕ್ರ ಉಲ್ಟಾ ತಿರುಗುವ ಸಾಧ್ಯತೆ ಇತ್ತು. ನಮ್ಮ ಗಾಡಿ ಬೇರೆ ಕಂಪನಿಯದು, ಬೇರೆ ಕಾಲದ್ದು. ಆದರೂ ಪಾಠ ಒಂದೇ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಚಿಕ್ಕವರಿದ್ದಾಗ ಅಂಗೈ ಮೇಲೆ ಕೋಲು ನಿಲ್ಲಿಸಿದ್ದು ನೆನೆಸಿಕೊಳ್ಳಿ. ಕೋಲು ಮುಂದೆ ಬಿದ್ದರೆ ಕೈ ಮುಂದೆ ಓಡಬೇಕು, ಅಲ್ವಾ? ಇಲ್ಲಿ ನೀವೇ ಕೋಲು, ಚಕ್ರವೇ ಕೈ. ಒಳಗಿನ ಸೆನ್ಸರ್‌ಗಳು ಹಲಗೆ ಎಷ್ಟು ವಾಲಿದೆ ಅಂತ ಬಿಡದೆ ನೋಡುತ್ತಿರುತ್ತವೆ, ಮೋಟಾರು ಚಕ್ರವನ್ನು ನಿಮ್ಮ ಕೆಳಗೆ ತಂದು ನಿಲ್ಲಿಸುತ್ತಿರುತ್ತದೆ. ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಬ್ರೇಕ್ ಹಿಡಿಯಬೇಕಾದರೂ ಚಕ್ರ ಮೊದಲು ನಿಮಗಿಂತ ಸ್ವಲ್ಪ ಮುಂದೆ ಓಡಬೇಕು, ಆಮೇಲಷ್ಟೇ ನಿಧಾನ ಆಗಬೇಕು. ಅಂದರೆ ನಿಲ್ಲಿಸುವುದಕ್ಕೂ ಮೋಟಾರಿನಲ್ಲಿ ಇನ್ನಷ್ಟು ಶಕ್ತಿ ಉಳಿದಿರಬೇಕು. ಆ ಉಳಿಕೆ ಕಾಯುವುದಕ್ಕೇ ಗಾಡಿ ಹಿಂದಕ್ಕೆ ವಾಲಿ ನಿಮ್ಮನ್ನು ತಡೆಯುವುದು. ಅದನ್ನು ಮೀರಿ ಮುಂದಕ್ಕೆ ಒತ್ತಿದರೆ ಮೋಟಾರು ಸೋಲುತ್ತದೆ, ಹಲಗೆಯ ಮೂತಿ ನೆಲಕ್ಕೆ ತಾಗುತ್ತದೆ, ನೀವು ಮುಖ ಕೆಳಗಾಗಿ ಬೀಳುತ್ತೀರಿ. ದಯವಿಟ್ಟು ಒತ್ತಬೇಡಿ.

ಹಾಗಾದರೆ ಗಕ್ಕನೆ ನಿಲ್ಲಿಸಿದ ಮೇಲೆ ಏನು ಮಾಡಬೇಕು? ಹಲಗೆ ಒಂದೆರಡು ಸಲ ಮುಂದೆ ಹಿಂದೆ ತೂಗುತ್ತದೆ. ಅದನ್ನು ನೀವು ಸರಿ ಮಾಡಲು ಹೋಗಬೇಡಿ, ಯಾಕೆಂದರೆ ಗಾಡಿ ಒಂದು ಕಡೆ ಸರಿ ಮಾಡುತ್ತಿರುವಾಗ ನೀವೂ ಬಾಗಿದರೆ ತೂಗಾಟ ಇನ್ನೂ ಜಾಸ್ತಿ ಆಗುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಭಾರ ಪಾದದ ನಡುವೆ ಇಟ್ಟು, ಕಣ್ಣು ಮುಂದೆ ದೂರ ನೆಟ್ಟು ಸುಮ್ನೆ ನಿಲ್ಲಿ. ತೂಗಾಟ ನಿಂತ ಮೇಲೆ ಹಿಂದಕ್ಕೆ ಒಂದೊಂದೇ ಕಾಲು ಇಳಿಸಿ. ಹೋವರ್‌ಬೋರ್ಡಿನಿಂದ, ಅಂದರೆ ಹಿಡಿಕೆ ಇಲ್ಲದ ಬ್ಯಾಲೆನ್ಸ್ ಗಾಡಿಯಿಂದ, ಮುಂದಕ್ಕೆ ಜಿಗಿಯುವ ಹುಡುಗರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ಇಳಿದ ಮೇಲೆ ಆಫ್ ಮಾಡಿ. ಒಂದು ನಿಮಿಷ ಬಿಡಿ. ಸಮತಟ್ಟು ನೆಲದಲ್ಲಿ ನೆಟ್ಟಗೆ ಹಿಡಿದು ಮತ್ತೆ ಆನ್ ಮಾಡಿ, ದೀಪ ಸರಿಯಾಗಿ ಬಂದ ಮೇಲೇ ಕಾಲಿಡಿ. ಹೋವರ್‌ಬೋರ್ಡ್ ಆದರೆ ಕಾಲಿಡುವ ರಬ್ಬರನ್ನು ಬೆರಳಿಂದ ಒತ್ತಿ ನೋಡಿ. ಕೆಳಗೆ ಎರೆಮಣ್ಣು ಸಿಕ್ಕಿಕೊಂಡಿದ್ದರೆ ಕಾಲು ತೆಗೆದ ಮೇಲೂ ಗಾಡಿಗೆ ಕಾಲು ಇದೆ ಅಂತಲೇ ಅನ್ನಿಸುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಹಂಪ್ ಮೇಲೆ ಹಾರಿಸಿದರೆ ಚಕ್ರ ಗಾಳಿಯಲ್ಲಿ ಭಾರವಿಲ್ಲದೆ ಗಿರ್ರನೆ ಸುತ್ತುತ್ತದೆ, ನೆಲಕ್ಕೆ ತಾಗಿದಾಗ ಜಗ್ಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನುಣುಪು ಕಲ್ಲಿನ ಮೇಲೂ ಅದೇ ಕಥೆ. ಚಕ್ರ ಜಾರಿತು ಅಂದರೆ ಬ್ಯಾಲೆನ್ಸ್ ಇಲ್ಲ.

ಇನ್ನು ಬ್ಯಾಟರಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜೋರಾಗಿ ಓಡಿಸಿದಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಎರಡು ನಿಮಿಷ ಬಿಟ್ಟರೆ ಮೇಲೇಳುತ್ತದೆ. ಒಂದು ಗೆರೆ ತೋರಿಸುತ್ತಿದ್ದದ್ದು ಎರಡು ಆಗುತ್ತದೆ. ಚಾರ್ಜ್ ಉಳಿದಿದೆ ಅಂತ ಮತ್ತೆ ಅದೇ ವೇಗದಲ್ಲಿ ಹೊರಟರೆ ನಡುದಾರಿಯಲ್ಲಿ ಶಕ್ತಿ ಸಾಲದೆ ಬೀಳುತ್ತೀರಿ. 2003ರಲ್ಲಿ ಸುಮಾರು 6,000 ಸೆಗ್ವೇಗಳನ್ನು ವಾಪಸ್ ಕರೆದದ್ದು ಬ್ಯಾಟರಿ ಕಡಿಮೆಯಾದಾಗ ಸವಾರರು ಬೀಳಬಹುದು ಅಂತಲೇ. ಆಮೇಲೆ ತೋರಿಸುವ ಗೆರೆ ನಂಬಬೇಡಿ, ಓಡಿಸುವಾಗ ಕಂಡ ಗೆರೆಯೇ ನಿಜ.

ಇಳಿಜಾರಿನಲ್ಲಿ ಇದರ ಉಲ್ಟಾ. ಇಳಿಯುವಾಗ ಮೋಟಾರು ಬ್ರೇಕ್ ಹಿಡಿದು ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಅದಕ್ಕೆ ಜಾಗ ಇರುವುದಿಲ್ಲ. ನೃಪತುಂಗ ಬೆಟ್ಟದಂಥ ಇಳಿಜಾರಿಗೆ ಫುಲ್ ಚಾರ್ಜ್ ಮಾಡಿಕೊಂಡು ಹೋಗಿ ಮೇಲಿಂದಲೇ ಶುರು ಮಾಡುವುದು ಅಪಾಯ. ಸಮತಟ್ಟಿನಲ್ಲಿ ಸ್ವಲ್ಪ ಓಡಿಸಿ, ಚಾರ್ಜ್ ಇಳಿಸಿ, ನಿಧಾನ ಇಳಿಯಿರಿ.

ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಚ್ಚಬೇಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹಲಗೆ ಮುಟ್ಟಿದರೆ ಬಿಸಿ ಹತ್ತುತ್ತದೆ, ಒಳಗೆ ಇನ್ನೂ ಜಾಸ್ತಿ ಇರುತ್ತದೆ. ನೆರಳಿನಲ್ಲಿ ಬಿಡಿ, ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಹಚ್ಚಿ. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಬೇಡ. 2016ರಲ್ಲಿ ಅಮೆರಿಕದಲ್ಲಿ ಸುಮಾರು 5 ಲಕ್ಷ ಹೋವರ್‌ಬೋರ್ಡ್ ವಾಪಸ್ ಕರೆಸಿಕೊಂಡದ್ದು ಬ್ಯಾಟರಿಗೆ ಬೆಂಕಿ ಹತ್ತುವ ಭಯದಿಂದ.

ಮರುದಿನ ಓಡಿಸುವ ಮೊದಲು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ, ಎಡಕ್ಕೊಂದು ಬಲಕ್ಕೊಂದು ಸುತ್ತು, ಎಲ್ಲಾ ನಡೆಯುವ ವೇಗದಲ್ಲಿ. ಒಂದು ಕಡೆ ಎಳೆದರೆ ಮೊದಲು ಟೈರಿನ ಗಾಳಿ ನೋಡಿ. ಗಾಳಿ ಸರಿ ಇದ್ದೂ ಎಳೆದರೆ ಕೈಪಿಡಿಯಲ್ಲಿ ಹೇಳಿದಂತೆ ಸಮತಟ್ಟು ನೆಲದಲ್ಲಿಟ್ಟು ಸೆನ್ಸರ್ ಹೊಸದಾಗಿ ಹೊಂದಿಸಿ. ಆಗಲೂ ಎಳೆದರೆ ಹತ್ತಬೇಡಿ, ರಿಪೇರಿಗೆ ಕೊಡಿ. ನಮ್ಮ ಹುಡುಗನ ಗಾಡಿ ಎಡಕ್ಕೆ ಎಳೆಯುತ್ತಿತ್ತು. ನೋಡಿದರೆ ಎಡ ಚಕ್ರದ ಒಂದು ನಟ್ ಸಡಿಲ ಆಗಿತ್ತು.