ವಿರುಂಗಾದ ಗೊರಿಲ್ಲಾಗಳು: ಯುದ್ಧದ ನಡುವೆ ಗಸ್ತು ಉಳಿಸಿಕೊಂಡ ಬಗೆ

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವದಂಚಿನಲ್ಲಿರುವ ವಿರುಂಗಾ ರಾಷ್ಟ್ರೀಯ ಉದ್ಯಾನದಲ್ಲಿ ಪರ್ವತ ಗೊರಿಲ್ಲಾಗಳ ಪಶುವೈದ್ಯನಾಗಿದ್ದೆ ಎಂದು ಹೇಳಿದಾಗ ಜನ ಮೊದಲು ವಿಚಾರಿಸುವುದು ಬಂದೂಕಿನ ವಿಷಯವನ್ನೇ. ಅದರಲ್ಲಿ ತಪ್ಪೇನೂ ಇಲ್ಲ. ಆ ಉದ್ಯಾನದ ಇನ್ನೂರಕ್ಕೂ ಹೆಚ್ಚು ಅರಣ್ಯ ರಕ್ಷಕರು ಕರ್ತವ್ಯದಲ್ಲಿರುವಾಗಲೇ ಹತರಾಗಿದ್ದಾರೆ. 2020ರ ಏಪ್ರಿಲ್‌ನಲ್ಲಿ ಮುಖ್ಯ ಕಚೇರಿಯಿರುವ ರುಮಾಂಗಾಬೊದ ಬಳಿ ನಡೆದ ಒಂದೇ ದಾಳಿಯಲ್ಲಿ 12 ರಕ್ಷಕರು ಪ್ರಾಣ ಕಳೆದುಕೊಂಡರು. ಗೊರಿಲ್ಲಾಗಳೂ ಗುಂಡಿಗೆ ಬಲಿಯಾದದ್ದುಂಟು. 2007ರ ಜುಲೈನಲ್ಲಿ ಸೆಂಕ್ವೆಕ್ವೆ ಎಂಬ ಬೆಳ್ಳಿಬೆನ್ನಿನ (ಪ್ರಾಯ ತುಂಬಿ ಬೆನ್ನಿನ ಕೂದಲು ನರೆತ) ಗಂಡನ್ನೂ ಅದರ ಗುಂಪಿನ ಹೆಣ್ಣುಗಳನ್ನೂ ಕೊಂದ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಆದರೂ ನಾನು ಕೈಯಾರೆ ಚಿಕಿತ್ಸೆ ಮಾಡಿದ ಪ್ರಾಣಿಗಳ ಮೈಮೇಲೆ ಗುಂಡಿನ ಗಾಯ ಇರಲಿಲ್ಲ. ಇದ್ದದ್ದು ಉರುಳಿನ ಗಾಯ ಮತ್ತು ಎದೆಗಿಳಿದ ಕೆಮ್ಮು. ಯುದ್ಧ ಗೊರಿಲ್ಲಾಗಳಿಗೆ ಮಾಡುವ ದೊಡ್ಡ ಕೇಡೆಂದರೆ ಗಸ್ತನ್ನು ನಿಲ್ಲಿಸುವುದು ಎಂಬುದು ಅಲ್ಲಿದ್ದಷ್ಟು ಕಾಲ ನನಗೆ ಸ್ಪಷ್ಟವಾಗುತ್ತ ಹೋಯಿತು.

ಗಸ್ತು ಎಂದರೆ ಅಲ್ಲಿ ಎಣಿಕೆಯ ಕೆಲಸ. ಮಿಕೆನೊ ಜ್ವಾಲಾಮುಖಿಯ ಇಳಿಜಾರಿನಲ್ಲಿ ಆಲೂಗಡ್ಡೆ, ಹುರುಳಿಕಾಯಿ ಬೆಳೆಯುವ ಹೊಲಗಳು ಕಾಡಿನ ಗಡಿಯವರೆಗೂ ಬಂದು ನಿಂತಿವೆ. ಬುಕಿಮಾ ಠಾಣೆಯಿಂದ ಬೆಳಿಗ್ಗೆ ಹೊರಟ ಜಾಡುಗಾರರು ಹಿಂದಿನ ದಿನ ಗುಂಪನ್ನು ಬಿಟ್ಟುಬಂದ ಜಾಗಕ್ಕೆ ಹೋಗಿ, ಅಲ್ಲಿಂದ ತುಳಿದ ಗಿಡಗಂಟಿಗಳ ಜಾಡು ಹಿಡಿದು, ರಾತ್ರಿ ಮಲಗಿದ್ದ ಗೂಡುಗಳನ್ನು ಲೆಕ್ಕಹಾಕುತ್ತಾರೆ. ಗೊರಿಲ್ಲಾ ಪ್ರತಿ ರಾತ್ರಿಯೂ ಹೊಸ ಗೂಡು ಕಟ್ಟುವುದರಿಂದ ಗೂಡುಗಳ ಸಂಖ್ಯೆಯೂ ಅವುಗಳಲ್ಲಿನ ಲದ್ದಿಯ ಗಾತ್ರವೂ ಗುಂಪಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ತಿಳಿಸಿಬಿಡುತ್ತವೆ. ಆಮೇಲೆ ಒಂದೊಂದೇ ಪ್ರಾಣಿಯನ್ನು ಮೂಗಿನ ಮೇಲಿನ ಗೆರೆಗಳಿಂದ ಗುರುತಿಸಿ ಪುಸ್ತಕದಲ್ಲಿ ಟಿಕ್ ಹಾಕಬೇಕು. ಆ ಗೆರೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದರಂತೆ ಇನ್ನೊಂದಿರುವುದಿಲ್ಲ. ಹೊರಗಿನವರು ಬಂದೂಕು ಹಿಡಿದ ರಕ್ಷಕರ ಚಿತ್ರವನ್ನೇ ಮೆಚ್ಚುತ್ತಾರೆ. ನನ್ನ ಮಟ್ಟಿಗೆ ಈ ಪುಸ್ತಕ ಹಿಡಿದವರೇ ಇಡೀ ವ್ಯವಸ್ಥೆಯ ಬೆನ್ನೆಲುಬು.

2012ರಲ್ಲಿ ಎಂ23 ಬಂಡುಕೋರರು ಆ ಭಾಗವನ್ನು ವಶಕ್ಕೆ ತೆಗೆದುಕೊಂಡಾಗ ಈ ಎಣಿಕೆಯೇ ನಿಂತುಹೋಯಿತು. ಸೇನೆ ಒಂದು ಕಡೆ, ಬಂಡುಕೋರರು ಇನ್ನೊಂದು ಕಡೆ, ನಡುವೆ ಗೊರಿಲ್ಲಾಗಳು. ಇಂಥ ಹೊತ್ತಿನಲ್ಲಿ ಸಶಸ್ತ್ರ ಗುಂಪುಗಳೊಂದಿಗೆ ಮಾತನಾಡುವ ಕೆಲಸ ಉದ್ಯಾನದ ಆಡಳಿತದ್ದೇ ಹೊರತು ವೈದ್ಯರದ್ದಲ್ಲ ಎಂಬ ನಿಯಮವನ್ನು ನಾವು ಕಟ್ಟುನಿಟ್ಟಾಗಿ ಪಾಲಿಸಿದೆವು. ಎರಡೂ ಕಡೆಯವರಿಂದ ಭರವಸೆ ಸಿಕ್ಕ ಮೇಲಷ್ಟೇ ರಕ್ಷಕರು ಗುಂಪುಗಳನ್ನು ಹುಡುಕಲು ಕಾಡಿಗೆ ಹೋಗುತ್ತಿದ್ದರು. ನಾವು ಒಯ್ಯುವ ಪ್ರತಿ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಫ್ರೆಂಚ್ ಮತ್ತು ಸ್ವಾಹಿಲಿ ಎರಡರಲ್ಲೂ ಬರೆದು ಅಂಟಿಸಿದೆವು, ಏಕೆಂದರೆ ಅರಿವಳಿಕೆಯ ಚುಚ್ಚುಮದ್ದು ಹಾರಿಸುವ ಕೋವಿಯನ್ನು ತಪಾಸಣಾ ಠಾಣೆಯಲ್ಲಿ ಯಾರಾದರೂ ಆಯುಧವೆಂದು ತಿಳಿದರೆ ವಿವರಿಸುತ್ತ ನಿಲ್ಲಲು ಅವಕಾಶ ಇರುವುದಿಲ್ಲ. ಯಾವ ಠಾಣೆಯಲ್ಲಿ ಎಷ್ಟು ಮಂದಿ ಇದ್ದರು, ಯಾರ ಸಮವಸ್ತ್ರ ಯಾವುದು ಎಂಬ ಮಾತನ್ನು ರೇಡಿಯೊದಲ್ಲಿ ಎತ್ತಲೇಬಾರದು ಎಂಬುದು ಇನ್ನೊಂದು ನಿಯಮ. ಒಮ್ಮೆ ಗೂಢಚಾರರೆಂಬ ಹೆಸರು ಬಂದರೆ ಮರುದಿನದ ಗಸ್ತು ಇಲ್ಲ.

ಗಸ್ತು ನಿಂತ ವಾರಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಉತ್ತರ ಉರುಳುಗಳು. ಬಿದಿರಿನ ಗಳುವನ್ನು ಬಾಗಿಸಿ, ಅದರ ತುದಿಗೆ ಹಗ್ಗವನ್ನೋ ತಂತಿಯನ್ನೋ ಕಟ್ಟಿ, ಕುಣಿಕೆಯನ್ನು ನೆಲದ ಮೇಲೆ ಹರಡಿ ಸೊಪ್ಪು ಮುಚ್ಚುತ್ತಾರೆ. ಕಾಲಿಟ್ಟೊಡನೆ ಬಿದಿರು ಚಿಮ್ಮಿ ಕುಣಿಕೆ ಬಿಗಿಯುತ್ತದೆ. ಅದನ್ನು ಹಾಕುವುದು ಡೈಕರ್ ಎಂಬ ಸಣ್ಣ ಜಿಂಕೆಯಂಥ ಪ್ರಾಣಿಗೆ, ಮನೆಯ ಮಾಂಸಕ್ಕೆ. ದೊಡ್ಡ ಗೊರಿಲ್ಲಾ ಸಿಕ್ಕಿಕೊಂಡರೆ ಬಲದಿಂದ ಕಿತ್ತುಕೊಂಡು ಹೋಗಬಹುದು, ಆದರೆ ಆಡುತ್ತ ಓಡುವ ಮರಿಯ ಮಣಿಕಟ್ಟಿಗೆ ಬಿಗಿದ ಕುಣಿಕೆ ದಿನದಿನಕ್ಕೆ ಮಾಂಸದೊಳಗೆ ಇಳಿದು ಕೈಯನ್ನೇ ಕೊಳೆಸುತ್ತದೆ.

ನಾಗರಹೊಳೆಯ ಅಂಚಿನ ತೋಟಗಳಲ್ಲಿ ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಹಾಕಿದ ಉರುಳಿನಿಂದ ಚಿರತೆಗಳನ್ನು ಬಿಡಿಸಿದ ಅನುಭವ ನನಗಿತ್ತು. ಅದು ವಿರುಂಗಾದಲ್ಲಿ ಅರ್ಧದಷ್ಟೇ ನೆರವಿಗೆ ಬಂತು. ಚಿರತೆ ಒಂಟಿ; ಅರಿವಳಿಕೆ ಕೊಟ್ಟು, ಬೋನಿನಲ್ಲಿಟ್ಟು ಸಾಗಿಸಬಹುದು. ಗೊರಿಲ್ಲಾ ಮರಿಯ ಸುತ್ತ ಇಡೀ ಸಂಸಾರವಿರುತ್ತದೆ, ಮತ್ತು ಅದನ್ನು ಕಾಡಿನಿಂದ ಆಚೆ ಒಯ್ದರೆ ಮರಳಿ ಸೇರಿಸುವುದು ಬಹಳ ಕಷ್ಟ. ಆದ್ದರಿಂದ ಬಿದ್ದಲ್ಲೇ ಚಿಕಿತ್ಸೆ. ಕೆಟಮಿನ್ ಮತ್ತು ಮೆಡೆಟೊಮಿಡಿನ್ ಸೇರಿಸಿದ ಅರಿವಳಿಕೆಯ ಮದ್ದನ್ನು ಡಾರ್ಟ್‌ನಲ್ಲಿ ತುಂಬಿ, ಮರಿ ತಾಯಿಯನ್ನು ಅಪ್ಪಿಕೊಂಡಿದ್ದರೆ ತಾಯಿಗೂ ಪ್ರತ್ಯೇಕ ಪ್ರಮಾಣ ಲೆಕ್ಕಹಾಕಿ, ತೊಡೆಯ ಅಥವಾ ಭುಜದ ಸ್ನಾಯುವಿಗೆ ಹೊಡೆಯಬೇಕು. ಮದ್ದು ಏರುವ ಆ ಕೆಲವು ನಿಮಿಷಗಳಲ್ಲಿ ಜಾಡುಗಾರರು ಸಾಲಾಗಿ ನಿಂತು, ಕೊಂಬೆ ಅಲ್ಲಾಡಿಸುತ್ತ, ಗೊರಿಲ್ಲಾಗಳ ಗೊಗ್ಗರು ದನಿಯನ್ನೇ ಅನುಕರಿಸುತ್ತ ಬೆಳ್ಳಿಬೆನ್ನಿನ ಗಂಡನ್ನು ದೂರವಿರಿಸುತ್ತಾರೆ. ಕುಣಿಕೆ ಕತ್ತರಿಸಿ, ಗಾಯ ತೊಳೆದು, ದೀರ್ಘಕಾಲ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಕೊಟ್ಟು, ಅಟಿಪಮೆಜೋಲ್ ಎಂಬ ಮದ್ದಿನಿಂದ ಅರಿವಳಿಕೆಯ ಅಮಲು ಇಳಿಸಿ ಹಿಂದೆ ಸರಿಯುವುದು. ಬ್ಯಾಂಡೇಜ್ ಕಟ್ಟುವುದಿಲ್ಲ; ಕಟ್ಟಿದರೂ ಅದು ಉಳಿಯುವುದಿಲ್ಲ.

ಕೆಮ್ಮಿನ ವಿಷಯ ಇದಕ್ಕಿಂತ ಸೂಕ್ಷ್ಮ. 2009ರಲ್ಲಿ ರುವಾಂಡಾದ ಕಡೆಯ ಒಂದು ಗುಂಪಿನಲ್ಲಿ ಸತ್ತ ಹೆಣ್ಣು ಮತ್ತು ಮರಿಯಲ್ಲಿ ಮನುಷ್ಯರಲ್ಲಿ ನೆಗಡಿ-ಕೆಮ್ಮು ತರುವ ಮೆಟಾನ್ಯುಮೊವೈರಸ್ ಪತ್ತೆಯಾಗಿತ್ತು. ಸಂಘರ್ಷ ಹೆಚ್ಚಿದಂತೆ ನಿರಾಶ್ರಿತರ ಶಿಬಿರಗಳು ತುಂಬುತ್ತವೆ, ನಮ್ಮ ಜಾಡುಗಾರರ ಮನೆಗಳಲ್ಲೂ ನೆಂಟರಿಷ್ಟರು ಬಂದು ತುಂಬಿಕೊಳ್ಳುತ್ತಾರೆ. ಮಾಸ್ಕ್ ಮತ್ತು ಅಂತರದ ನಿಯಮ ಇದ್ದೇ ಇತ್ತು. ಆದರೆ ನಿಜವಾಗಿ ಫಲ ಕೊಟ್ಟದ್ದು, ಜ್ವರವೋ ನೆಗಡಿಯೋ ಇದ್ದವರು ಸಂಬಳ ಕಡಿತವಿಲ್ಲದೆ ಮನೆಯಲ್ಲಿರಬಹುದು ಎಂದು ನಾವು ಪಟ್ಟು ಹಿಡಿದು ಮಾಡಿಸಿಕೊಂಡ ಏರ್ಪಾಡು. ದಿನಗೂಲಿ ಹೋಗುತ್ತದೆಂಬ ಭಯವಿದ್ದವರು ಕೆಮ್ಮನ್ನು ಮುಚ್ಚಿಡುವುದು ಸಹಜ.

ಕಾಡು ಕಡಿಯುವವರ ವಿಷಯದಲ್ಲಿ ನನ್ನ ಕೆಲಸ ಏನೂ ಇರಲಿಲ್ಲ, ಆದರೆ ಅದನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಉದ್ಯಾನಕ್ಕೆ ಹತ್ತಿರದ ಗೋಮಾ ನಗರದ ಬಹುಪಾಲು ಒಲೆಗಳು ಇದ್ದಿಲಿನಿಂದ ಉರಿಯುತ್ತವೆ, ಇದ್ದಿಲು ಉದ್ಯಾನದ ಹಳೆಯ ಮರಗಳಿಂದ ಬರುತ್ತದೆ, ಅದರ ಸಾಗಣೆಯ ಮೇಲೆ ಸಶಸ್ತ್ರ ಗುಂಪುಗಳು ಸುಂಕ ಎತ್ತುತ್ತವೆ. 2007ರ ಕೊಲೆಗಳ ಹಿಂದೆಯೂ ಈ ವ್ಯಾಪಾರದ ಕೈವಾಡವಿತ್ತೆಂದು ಹೇಳಲಾಯಿತು. ಹಾಗಾಗಿ ಉದ್ಯಾನವು ರುತ್ಶುರು ಪ್ರದೇಶದ ಮತೇಬೆಯಲ್ಲಿ ಕಟ್ಟಿದ 13.8 ಮೆಗಾವಾಟ್ ಜಲವಿದ್ಯುತ್ ಘಟಕವನ್ನು ನಾನು ಗೊರಿಲ್ಲಾ ರಕ್ಷಣೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಇಷ್ಟಾಗಿಯೂ ಪರ್ವತ ಗೊರಿಲ್ಲಾಗಳು ಕಡಿಮೆಯಾಗಲಿಲ್ಲ. ವಿರುಂಗಾ ಪರ್ವತ ಶ್ರೇಣಿಯಲ್ಲಿ, ಅಂದರೆ ಕಾಂಗೋ, ರುವಾಂಡಾ, ಉಗಾಂಡಾ ಮೂರೂ ಸೇರಿ, 2015–16ರ ಗಣತಿಯಲ್ಲಿ 604 ಸಿಕ್ಕವು. ಉಗಾಂಡಾದ ಬ್ವಿಂಡಿಯ ಕಡೆಯವನ್ನೂ ಸೇರಿಸಿದರೆ ಸಾವಿರ ದಾಟುತ್ತದೆ.

ಹೊಡೆದಾಟ ಸಮೀಪಿಸಿದಾಗಲೆಲ್ಲ ವಿದೇಶಿಯರನ್ನು ಮೊದಲು ಗಡಿಯಾಚೆಗೆ ಕಳುಹಿಸುತ್ತಿದ್ದರು, ನಾನೂ ಹಾಗೆ ಹೋದವನೇ. ಹಿಂದೆ ಉಳಿಯುತ್ತಿದ್ದವರು ಕಾಂಗೋದ ವೈದ್ಯರು ಮತ್ತು ಜಾಡುಗಾರರು. ಅದನ್ನು ಕಂಡ ಮೇಲೆ ನನ್ನ ಬಹುಪಾಲು ಸಮಯವನ್ನು ಚಿಕಿತ್ಸೆಗಿಂತ ತರಬೇತಿಗೇ ಕೊಟ್ಟೆ: ಡಾರ್ಟ್ ಹೊಡೆಯುವುದು, ಮದ್ದಿನ ಪ್ರಮಾಣ ಲೆಕ್ಕಹಾಕುವುದು, ಉಸಿರಾಟ ನಿಧಾನವಾದರೆ ತಕ್ಷಣ ಮಾಡಬೇಕಾದದ್ದು. ಕೊನೆಯ ವರ್ಷದಲ್ಲಿ ಡಾರ್ಟ್ ಕೋವಿ ಅವರ ಕೈಯಲ್ಲಿರುತ್ತಿತ್ತು, ಸಮಯ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. 2022ರಿಂದೀಚೆಗೆ ಆ ಭಾಗ ಮತ್ತೆ ಎಂ23ರ ಹಿಡಿತಕ್ಕೆ ಹೋಗಿದೆ, 2025ರ ಜನವರಿಯಲ್ಲಿ ಗೋಮಾ ನಗರವೂ ಹೋಯಿತು. ಅಲ್ಲಿ ಮದ್ದಿನ ಪೆಟ್ಟಿಗೆ ತೆರೆಯಬೇಕಾಗಿರುವುದು ಕಾಂಗೋದ ಆ ವೈದ್ಯರೇ.